ಫಾಸ್ಟರ್ ಮಕ್ಕಳಿರುವ ಮನೆಗೆ ನಾವು ಏಳೆಂಟು ಜನ ಸೇರಿ ಜೊತೆ ನಿಲ್ಲಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋದು?

ಮೂರನೇಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಪಕ್ಕದಲ್ಲೇ ಇರುವ ಗಂಡ ಹೆಂಡತಿ ಐದು ತಿಂಗಳ ಹಿಂದೆ ಇಬ್ಬರು ಮಕ್ಕಳನ್ನು ಫಾಸ್ಟರ್ ಕೇರ್‌ನಲ್ಲಿ ಮನೆಗೆ ಕರೆದುಕೊಂಡು ಬಂದರು. ಅಕ್ಕ, ತಮ್ಮ. ಅಕ್ಕನಿಗೆ ಹದಿನಾರು ದಾಟಿದೆ, ತಮ್ಮ ಚಿಕ್ಕವನು. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ‘ಪೋಷಕ ಕುಟುಂಬ’ ಅಂತ ಬರೆಯಬಹುದಿತ್ತು, ಆದರೆ ನಮ್ಮಲ್ಲಿ ಪೋಷಕರು ಅಂದ್ರೆ ಎಲ್ಲ ಅಪ್ಪ ಅಮ್ಮಂದಿರೂ ಬಂದುಬಿಡುತ್ತಾರೆ, ಹಾಗಾಗಿ ಫಾಸ್ಟರ್ ಅಂತಲೇ ಬರೆಯುತ್ತೇನೆ.) ಇದು ದತ್ತು ಅಲ್ಲ. ಮಕ್ಕಳ ಸ್ವಂತ ಮನೆ ಸರಿಹೋಗುವ ತನಕ, ಇಲ್ಲಾ ಬೇರೆ ತೀರ್ಮಾನ ಆಗುವ ತನಕ ಇವರ ಮನೆಯಲ್ಲಿ ಇರುತ್ತಾರೆ.

ಮೊದಲ ತಿಂಗಳು ನಾವೆಲ್ಲ ಓಡಿ ಹೋಗಿದ್ದೇ ಹೋಗಿದ್ದು. ಆಟದ ಸಾಮಾನು, ಬಟ್ಟೆ, ಪುಸ್ತಕ. ಒಂದೇ ವಾರದಲ್ಲಿ ಮೂರು ಮನೆಯಿಂದ ಮೂರು ಫುಟ್‌ಬಾಲ್ ಹೋಗಿತ್ತು, ಹುಡುಗನಿಗೆ ಆಟವೇ ಇಷ್ಟ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಎರಡನೇ ತಿಂಗಳಿಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಹೋದ ವಾರ ಆ ಮನೆಯ ಅಮ್ಮ ನನ್ನ ಹತ್ತಿರ, ‘ಎಲ್ಲರೂ ಏನಾದ್ರೂ ಬೇಕಿದ್ರೆ ಹೇಳಿ ಅಂತಾರೆ, ನಾನು ಯಾರಿಗೂ ಹೇಳೋದಿಲ್ಲ’ ಅಂದರು. ನಗುತ್ತಲೇ ಅಂದರು, ಆದರೆ ಮುಖ ನೋಡಿದರೆ ಮೂರು ದಿನ ನಿದ್ದೆ ಮಾಡಿದ ಹಾಗಿರಲಿಲ್ಲ.

ನಾವು ಏಳೆಂಟು ಜನ ಮನಸ್ಸು ಮಾಡಿದ್ದೇವೆ. ಆದರೆ ಹುಮ್ಮಸ್ಸು ಇಳಿದ ಮೇಲೂ ನಿಲ್ಲುವಂಥದ್ದನ್ನು ಹೇಗೆ ಕಟ್ಟೋದು? ಏನು ಮಾಡಿದರೆ ಅತಿಯಾಗುತ್ತದೆ? ಇನ್ನು ದೊಡ್ಡ ಹುಡುಗಿಯ ವಿಷಯ ಬೇರೆಯೇ. ಅವಳಿಗೆ ಹದಿನೆಂಟು ತುಂಬೋದಕ್ಕೆ ಜಾಸ್ತಿ ದಿನ ಇಲ್ಲ, ಅವಳು ನಮ್ಮ ಯಾರ ಜೊತೆಗೂ ಮಾತಾಡುವುದಿಲ್ಲ. ಅನುಭವ ಇದ್ದವರು ಹೇಳಿ.

---

ಹಿತ್ತಲಬಾಗಿಲು:

ಹನ್ನೊಂದು ವರ್ಷದಿಂದ ನಮ್ಮದು ಫಾಸ್ಟರ್ ಮನೆ. ಒಂಬತ್ತು ಮಕ್ಕಳು ಬಂದು ಹೋಗಿದ್ದಾರೆ, ಈಗ ಒಬ್ಬಳಿದ್ದಾಳೆ. ಅವಳು ಮಲಗಿದ ಮೇಲೆ ಬರೆಯುತ್ತಿದ್ದೇನೆ, ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲನೆಯದು, ಆ ಅಮ್ಮನಿಗೆ ‘ನೀವು ಪುಣ್ಯದ ಕೆಲಸ ಮಾಡ್ತಿದ್ದೀರಿ’ ಅನ್ನೋದನ್ನು ಇವತ್ತಿನಿಂದಲೇ ನಿಲ್ಲಿಸಿ. ಒಳ್ಳೇ ಮನಸ್ಸಿನಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಒಮ್ಮೆ ನಮ್ಮನ್ನು ದೇವರ ಪಟ್ಟಕ್ಕೆ ಏರಿಸಿಬಿಟ್ಟರೆ, ‘ಇವತ್ತು ಆ ಹುಡುಗನ ಮೇಲೆ ಕೂಗಾಡಿಬಿಟ್ಟೆ, ಆಮೇಲೆ ಬಚ್ಚಲುಮನೆಯಲ್ಲಿ ಕೂತು ಅತ್ತೆ’ ಅಂತ ಯಾರ ಹತ್ತಿರ ಹೇಳೋದು? ಇನ್ನು ಕೆಲವರು, ‘ನೀವೇ ಅಲ್ವಾ ಒಪ್ಪಿಕೊಂಡಿದ್ದು’ ಅಂತಾರೆ. ಈ ಎರಡು ಮಾತಿನ ನಡುವೆ ಬಾಯಿಮುಚ್ಚಿಕೊಂಡು ಇರುವುದೇ ಸುಲಭ ಅನಿಸುತ್ತದೆ.

ಎರಡನೆಯದು, ‘ಏನಾದ್ರೂ ಬೇಕಿದ್ರೆ ಹೇಳಿ’. ಇದು ಕೆಲಸವನ್ನು ನಮ್ಮ ತಲೆಗೇ ವಾಪಸ್ ಕಟ್ಟುತ್ತದೆ. ಏನು ಬೇಕು ಅಂತ ಯೋಚನೆ ಮಾಡಬೇಕು, ಯಾರಿಗೆ ಬಿಡುವು ಅಂತ ನೋಡಬೇಕು, ಸಂಕೋಚ ಬಿಟ್ಟು ಫೋನ್ ಮಾಡಬೇಕು. ಅಷ್ಟು ಹೊತ್ತಿಗೆ ಆ ಕೆಲಸ ನಾವೇ ಮಾಡಿ ಮುಗಿಸಿರುತ್ತೇವೆ. ನಮ್ಮ ಮನೆಗೆ ಬಂದ ಎರಡನೇ ಮಗುವಿನ ಕಾಲದಲ್ಲಿ ಒಬ್ಬರು ಗೆಳತಿ ಪ್ರತಿ ಬುಧವಾರ ಸಂಜೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಮುಂದಿನ ವಾರ ಯಾವ ದಿನ ಕಷ್ಟ?’ ಅಷ್ಟೇ. ನಾನು ಶುಕ್ರವಾರ ಅಂದರೆ, ಶುಕ್ರವಾರ ನಾಲ್ಕು ಗಂಟೆಗೆ ಯಾರೋ ಒಬ್ಬರು ಬಾಗಿಲಲ್ಲಿ ಇರುತ್ತಿದ್ದರು. ಯಾರು ಬರಬೇಕು, ಏನು ತರಬೇಕು ಅನ್ನೋದನ್ನೆಲ್ಲ ಆ ಗೆಳತಿಯೇ ಉಳಿದವರ ಜೊತೆ ಮಾತಾಡಿ ಗೊತ್ತು ಮಾಡುತ್ತಿದ್ದರು. ನಿಮ್ಮ ಏಳೆಂಟು ಜನರಲ್ಲಿ ಅಂಥ ಒಬ್ಬರನ್ನು ಮೊದಲು ಆರಿಸಿ. ಎಂಟು ಜನರೂ ಬೇರೆ ಬೇರೆಯಾಗಿ ವಿಚಾರಿಸಿದರೆ ಎಂಟು ಜನರಿಗೂ ಉತ್ತರ ಕೊಡುವುದೇ ಅವರಿಗೆ ಒಂದು ಕೆಲಸವಾಗುತ್ತದೆ.

ಯಾವ ಕೆಲಸ ಅಂತ ಕೇಳುತ್ತೀರಿ. ಹೊರಗಿನವರಿಗೆ ಕಾಣದ ಕೆಲಸಗಳು. ಮಕ್ಕಳ ಕೇಸ್ ನೋಡುವ ಅಧಿಕಾರಿ ಮನೆಗೆ ಬರುತ್ತಾರೆ. ವಿಚಾರಣೆ ಇರುತ್ತದೆ, ಡಾಕ್ಟರ್, ಕೌನ್ಸೆಲಿಂಗ್, ಶಾಲೆಯಿಂದ ಫೋನು. ಹೆತ್ತ ಅಮ್ಮನ ಭೇಟಿಗೆ ಕರೆದುಕೊಂಡು ಹೋಗಬೇಕು. ಇಷ್ಟರ ಮಧ್ಯೆ ಬಟ್ಟೆ ಬೆಟ್ಟದ ಹಾಗೆ ಬೀಳುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗು ಇದ್ದರೆ ಕೇಳಲೇಬೇಡಿ. ನನಗೆ ಅತಿ ದೊಡ್ಡ ಉಪಕಾರ ಮಾಡಿದವರು ಯಾರು ಗೊತ್ತಾ? ವಾರಕ್ಕೆ ಎರಡು ಸಲ ಬಂದು ಬಟ್ಟೆ ಮಡಚಿಟ್ಟು, ಒಂದು ಮಾತೂ ಕೇಳದೆ ಹೋಗುತ್ತಿದ್ದ ಒಬ್ಬ ಅಜ್ಜಿ.

ಹೆತ್ತವರ ಭೇಟಿ ಮುಗಿಸಿ ಬಂದ ಸಂಜೆ ಮಾತ್ರ ಯಾರೂ ಹೋಗಬೇಡಿ. ಭೇಟಿ ಚೆನ್ನಾಗಿ ಆಗಿದ್ದರೂ ಮಗು ಕುಸಿದಿರುತ್ತದೆ, ಕೆಟ್ಟದಾಗಿ ಆಗಿದ್ದರೂ ಕುಸಿದಿರುತ್ತದೆ. ಅವತ್ತು ಊಟ ಬಾಗಿಲಲ್ಲಿಟ್ಟು ಒಂದು ಮೆಸೇಜ್ ಹಾಕಿ ಬಂದರೆ ಸಾಕು.

ಇನ್ನೊಂದು. ನಮ್ಮ ಸ್ವಂತ ಮಗಳನ್ನು ಎಲ್ಲರೂ ಮರೆತುಬಿಟ್ಟಿದ್ದರು, ನಾನೂ ಸೇರಿ. ಬರುವವರೆಲ್ಲ ಹೊಸ ಮಗುವಿಗೆ ಏನಾದರೂ ತರುತ್ತಿದ್ದರು. ನನ್ನ ತಮ್ಮನ ಹೆಂಡತಿ ಅದನ್ನು ಗಮನಿಸಿ ತಿಂಗಳಿಗೊಂದು ದಿನ ಇವಳೊಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗಲು ಶುರು ಮಾಡಿದಳು. ಆ ಮನೆಯಲ್ಲಿ ಸ್ವಂತ ಮಕ್ಕಳಿದ್ದರೆ ಅವರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಯದಾಗಿ, ಇದನ್ನು ಯಾರೂ ಹೇಳುವುದಿಲ್ಲ. ಒಂದು ದಿನ ಆ ಮಕ್ಕಳು ವಾಪಸ್ ಹೋಗಬಹುದು. ನಮ್ಮಲ್ಲಿ ಎರಡು ವರ್ಷ ಇದ್ದ ಹುಡುಗ ಅವನಮ್ಮನ ಹತ್ತಿರ ಹೋದ ದಿನ ಎಲ್ಲರೂ ‘ಅಬ್ಬಾ, ಇನ್ನು ನಿಮಗೆ ಆರಾಮ’ ಅಂದರು. ಅವನು ಅವನಮ್ಮನ ಹತ್ತಿರ ಹೋಗಿದ್ದು ಒಳ್ಳೆಯದೇ, ಅದಕ್ಕಾಗಿಯೇ ನಾವು ಇದ್ದದ್ದು. ಆದರೂ ಅವನ ಟೂತ್‌ಬ್ರಷ್ ಎಸೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆಗ ಯಾರೂ ಬರಲಿಲ್ಲ. ನಿಮ್ಮ ಗುಂಪು ಆ ದಿನಕ್ಕೂ ಇರಬೇಕು.

---

ಭಾನುವಾರದಮಾವ:

ನಾನು ಮಾಡುವುದು ಒಂದೇ ಕೆಲಸ. ನಮ್ಮ ಪರಿಚಯದ ಫಾಸ್ಟರ್ ಮನೆಯಲ್ಲಿ ಏನು ಕೆಟ್ಟರೂ ಭಾನುವಾರ ಹೋಗಿ ರಿಪೇರಿ ಮಾಡಿ ಬರುತ್ತೇನೆ. ನಲ್ಲಿ, ಸ್ವಿಚ್ಚು, ಕೋಪದಲ್ಲಿ ಒದ್ದು ಮುರಿದ ಬಾಗಿಲು. ಆರು ವರ್ಷವಾಯಿತು. ಮಕ್ಕಳು ಬದಲಾಗಿದ್ದಾರೆ, ನಾನು ಬದಲಾಗಿಲ್ಲ. ಎಲ್ಲರೂ ಎಲ್ಲ ಮಾಡಲು ಹೋಗಬೇಡಿ, ಒಬ್ಬೊಬ್ಬರು ಒಂದೊಂದು ಹಿಡಿದುಕೊಳ್ಳಿ. ಒಂದೇ ಆದರೆ ಬಿಟ್ಟು ಹೋಗುವುದಿಲ್ಲ.

---

ಕಡತದಮನುಷ್ಯ:

ಹಿತ್ತಲಬಾಗಿಲು ಅಮ್ಮಾವ್ರು ಹೇಳಿದ್ದಕ್ಕೆ ನನ್ನದೂ ಸಹಿ. ನಾನು ಮಕ್ಕಳ ಕಲ್ಯಾಣದ ಕೆಲಸದಲ್ಲಿ ಇದ್ದವನು, ಈಗ ನಿವೃತ್ತ. ಕಚೇರಿ ಕಡೆಯಿಂದ ಕಂಡದ್ದನ್ನು ಸೇರಿಸುತ್ತೇನೆ.

ಮೊದಲು ನಾವೇ ಮಾಡಿಕೊಂಡ ಎಡವಟ್ಟು. ಇಂಥದ್ದೇ ಒಂದು ಬೆಂಬಲದ ಗುಂಪನ್ನು ವಾಟ್ಸಾಪ್‌ನಲ್ಲಿ ಶುರು ಮಾಡಿದೆವು. ಹದಿನೈದು ದಿನದಲ್ಲಿ ಮೂವತ್ತಕ್ಕೂ ಜಾಸ್ತಿ ಜನ. ಯಾರೋ ಪ್ರೀತಿಯಿಂದಲೇ ಮಗುವಿನ ಹುಟ್ಟುಹಬ್ಬದ ಫೋಟೋ ಹಾಕಿದರು, ಸಮವಸ್ತ್ರದಲ್ಲಿ. ಅದು ಅಲ್ಲಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ. ಮಗುವಿನಿಂದ ದೂರ ಇರಬೇಕು ಅಂತ ಆದೇಶವಿದ್ದ ಸಂಬಂಧಿಕರು ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಮಗುವನ್ನು ಬೇರೆ ಶಾಲೆಗೆ ಹಾಕಬೇಕಾಯಿತು. ಆ ಮಗು ಆಗಲೇ ಎರಡು ಶಾಲೆ ಬಿಟ್ಟು ಬಂದಿತ್ತು. ತಪ್ಪು ನಮ್ಮದೇ, ಬೇರೆ ಯಾರದ್ದೂ ಅಲ್ಲ.

ಅದಕ್ಕೇ ಹೇಳುತ್ತೇನೆ, ಗುಂಪಿನಲ್ಲಿ ಮಗುವಿನ ಹೆಸರು ಬೇಡ, ಫೋಟೋ ಬೇಡ, ಅದರ ಮನೆಯಲ್ಲಿ ಏನಾಯಿತು ಅನ್ನೋ ಕಥೆ ಬೇಡವೇ ಬೇಡ. ‘ಗುರುವಾರ ಐದರಿಂದ ಏಳು, ಮನೆಯಲ್ಲಿ ಒಬ್ಬರು ಬೇಕು’ ಇಷ್ಟಿದ್ದರೆ ಸಾಕು. ಬಟ್ಟೆ ಮಡಚಲು ಕಥೆ ಗೊತ್ತಿರಬೇಕಾಗಿಲ್ಲ.

ಎರಡನೆಯದು, ನಿಮ್ಮ ಏಳೆಂಟು ಜನರನ್ನು ಎರಡು ಭಾಗ ಮಾಡಿಕೊಳ್ಳಿ. ಮಗುವಿನ ಜೊತೆ ಒಂಟಿಯಾಗಿ ಇರದವರು ಒಂದು ಕಡೆ. ಊಟ, ಬಟ್ಟೆ, ಓಡಾಟ, ರಿಪೇರಿ. ಇವರು ನಾಳೆಯೇ ಶುರು ಮಾಡಬಹುದು. ಮಗುವನ್ನು ನೋಡಿಕೊಳ್ಳುವವರು, ಎಲ್ಲಿಗಾದರೂ ಕರೆದುಕೊಂಡು ಹೋಗುವವರು, ರಾತ್ರಿ ಇಟ್ಟುಕೊಳ್ಳುವವರು ಇನ್ನೊಂದು ಕಡೆ. ಇವರು ಕೇಸ್ ನೋಡುವ ಅಧಿಕಾರಿಯನ್ನು ಕೇಳಿ, ಅಲ್ಲಿನ ನಿಯಮದ ಪ್ರಕಾರ ಹಿನ್ನೆಲೆ ಪರಿಶೀಲನೆ ಮಾಡಿಸಿಕೊಂಡೇ ಮುಂದುವರಿಯಬೇಕು. ಒಳ್ಳೆಯವರಿಗೆ ಇದು ಅವಮಾನ ಅನಿಸಬಹುದು. ಅನಿಸಲಿ ಬಿಡಿ. ಮಕ್ಕಳಿಗೆ ಕೇಡು ಮಾಡುವವನೂ ಒಳ್ಳೆಯವನ ಹಾಗೇ ಬರುತ್ತಾನೆ.

ನೀವು ಕೇಳಿದ್ದು, ನಿಲ್ಲುವಂಥದ್ದನ್ನು ಹೇಗೆ ಕಟ್ಟೋದು ಅಂತ. ಬೇರೆ ಕಡೆ ಇದನ್ನು ಕಟ್ಟಿ ನೋಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಲ್ಲಿ ಮಾಕಿಂಗ್‌ಬರ್ಡ್ ಅನ್ನೋ ಪದ್ಧತಿ ಶುರುವಾಯಿತು. ಆರರಿಂದ ಹತ್ತು ಫಾಸ್ಟರ್ ಮನೆಗಳು ಒಂದು ಗುಂಪು. ಅವುಗಳ ಮಧ್ಯೆ ಅನುಭವ ಇರುವ ಒಂದು ಮನೆ, ದೊಡ್ಡಮ್ಮನ ಮನೆ ಇದ್ದ ಹಾಗೆ ಅಂದುಕೊಳ್ಳಿ. ಆ ಮನೆಯವರು ಹೊತ್ತಲ್ಲದ ಹೊತ್ತಲ್ಲೂ ಫೋನ್ ಎತ್ತುತ್ತಾರೆ. ಉಳಿದ ಮನೆಯವರಿಗೆ ಸುಸ್ತಾದರೆ ಮಕ್ಕಳು ಒಂದೆರಡು ರಾತ್ರಿ ಅಲ್ಲಿ ಹೋಗಿ ಮಲಗುತ್ತಾರೆ. ಆಗಾಗ ಎಲ್ಲರೂ ಅಲ್ಲಿ ಸೇರುತ್ತಾರೆ. ಇದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಮಗು ಯಾರೋ ಗುರುತಿಲ್ಲದವರ ಮನೆಗೆ ಹೋಗುವುದಿಲ್ಲ. ಮೊದಲೇ ಹತ್ತು ಸಲ ಆಡಿದ ಮನೆಗೇ ಹೋಗುತ್ತದೆ. 2015ರಿಂದ ಇಂಗ್ಲೆಂಡಿನಲ್ಲೂ ಇದನ್ನು ನಡೆಸುತ್ತಿದ್ದಾರೆ.

ಇನ್ನೊಂದು ಇಲಿನಾಯ್ ರಾಜ್ಯದ ರಾಂಟೌಲ್ ಅನ್ನೋ ಊರಿನದು. ಅಲ್ಲಿ ಮುಚ್ಚಿಹೋದ ವಾಯುನೆಲೆಯ ಮನೆಗಳಲ್ಲಿ 1994ರಲ್ಲಿ ಹೋಪ್ ಮೆಡೋಸ್ ಅಂತ ಒಂದು ಬಡಾವಣೆ ಮಾಡಿದರು. ಫಾಸ್ಟರ್ ಕೇರ್‌ನಿಂದ ಬಂದ ಮಕ್ಕಳನ್ನು ಸಾಕುವ ಕುಟುಂಬಗಳೂ ವಯಸ್ಸಾದವರೂ ಒಟ್ಟಿಗೆ ಇರಲಿ ಅಂತ ಮಾಡಿದ ಜಾಗ. ವಯಸ್ಸಾದವರಿಗೆ ಬಾಡಿಗೆ ಕಡಿಮೆ, ಅದಕ್ಕೆ ಬದಲಾಗಿ ವಾರಕ್ಕೆ ಆರು ಗಂಟೆ ಮಕ್ಕಳ ಜೊತೆ, ಇಲ್ಲಾ ಬಡಾವಣೆಯ ಕೆಲಸದಲ್ಲಿ. ಆರು ಗಂಟೆ ಅನ್ನೋದನ್ನು ಗಮನಿಸಿ. ‘ಆದಷ್ಟು ಸಹಾಯ ಮಾಡಿ’ ಅಂತ ಅಲ್ಲ, ಆರು ಗಂಟೆ. ಲೆಕ್ಕ ಇದ್ದರೆ ಮಾಡುವವರಿಗೂ ತಪ್ಪಿತಸ್ಥ ಭಾವ ಇರೋದಿಲ್ಲ, ಪಡೆಯುವವರಿಗೂ ಸಂಕೋಚ ಇರೋದಿಲ್ಲ.

ನಿಮಗೆ ಬಡಾವಣೆ ಕಟ್ಟುವುದು ಬೇಕಿಲ್ಲ. ಇದರಿಂದ ತೆಗೆದುಕೊಳ್ಳಬೇಕಾದ್ದು ಇಷ್ಟೇ: ಹೆಸರು, ವಾರ, ಗಂಟೆ. ಮೂರು ತಿಂಗಳಿಗೊಮ್ಮೆ ಕೂತು ಯಾರಿಗೆ ಸಾಕಾಯಿತು ಅಂತ ನಾಚಿಕೆ ಇಲ್ಲದೆ ಕೇಳಿಕೊಳ್ಳಿ. ಎಂಟರಲ್ಲಿ ಇಬ್ಬರು ಬಿಡುತ್ತಾರೆ, ಅದು ಸಹಜ. ಸದ್ದಿಲ್ಲದೆ ಮಾಯವಾಗುವುದಕ್ಕಿಂತ ಹೇಳಿ ಬಿಡುವುದು ಎಷ್ಟೋ ವಾಸಿ. ಆ ಮಕ್ಕಳು ಹೇಳದೆ ಹೋದವರನ್ನು ಈಗಾಗಲೇ ಬೇಕಾದಷ್ಟು ನೋಡಿದ್ದಾರೆ.

---

ಸುಮ್ನೆಕೇಳ್ತೀನಿ:

ಬೇಜಾರಾಗಬೇಡಿ, ಒಂದು ಪ್ರಶ್ನೆ. ಇಷ್ಟೆಲ್ಲ ಜನ, ಇಷ್ಟೆಲ್ಲ ಸಮಯ, ಆ ಮಕ್ಕಳ ಸ್ವಂತ ಅಪ್ಪ ಅಮ್ಮನಿಗೇ ಮೊದಲು ಸಿಕ್ಕಿದ್ದರೆ ಮಕ್ಕಳು ಮನೆ ಬಿಡಬೇಕಾಗುತ್ತಿತ್ತಾ? ಫಾಸ್ಟರ್ ಮನೆಗೆ ಊಟ ತಂದುಕೊಡುವ ಊರು, ಆ ಬಡ ತಾಯಿಯ ಮನೆಗೆ ಯಾಕೆ ಹೋಗಲಿಲ್ಲ?

---

ಕಡತದಮನುಷ್ಯ:

ಬೇಜಾರು ಯಾಕೆ, ಈ ಪ್ರಶ್ನೆ ನನ್ನನ್ನು ಮೂವತ್ತು ವರ್ಷ ಕಾಡಿದೆ. ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿಕೊಂಡ ಮಕ್ಕಳ ಬದಲಿ ಆರೈಕೆಯ (ಅಂದರೆ ಹೆತ್ತವರ ಬದಲು ಬೇರೆಯವರು ನೋಡಿಕೊಳ್ಳುವುದರ) ಮಾರ್ಗಸೂಚಿಯಲ್ಲಿ ಇದು ನೇರವಾಗಿಯೇ ಇದೆ. ಬಡತನ ಒಂದನ್ನೇ ಕಾರಣ ಮಾಡಿ ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು, ಬಡತನ ಕಂಡರೆ ಆ ಕುಟುಂಬಕ್ಕೆ ನೆರವು ಕೊಡಬೇಕು ಅಂತ. ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಸುಮ್ಮಸುಮ್ಮನೆ ಬೇರ್ಪಡಿಸಬಾರದು ಅಂತಲೂ ಇದೆ. ಕಾಗದದ ಮೇಲಿರುವುದು ನೆಲದ ಮೇಲೆ ಎಷ್ಟಿದೆ ಅಂದರೆ, ನಾನು ಕಂಡ ಮಟ್ಟಿಗೆ ಕಡಿಮೆಯೇ.

ಆದರೆ ಎಲ್ಲ ಮಕ್ಕಳೂ ಬಡತನದಿಂದಲೇ ಬರುವುದಿಲ್ಲ. ಹೊಡೆತ ತಿಂದು ಬಂದವರು, ಯಾರೂ ಉಳಿಯದೆ ಬಂದವರು ಇದ್ದಾರೆ. ಅವರಿಗೆ ದೊಡ್ಡ ಅನಾಥಾಲಯಕ್ಕಿಂತ ಒಂದು ಮನೆ ಒಳ್ಳೆಯದು ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಹೊತ್ತಿಗೆ ಶುರುವಾದ ಅಧ್ಯಯನದಲ್ಲಿ ಅನಾಥಾಲಯದಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟನ್ನು ಫಾಸ್ಟರ್ ಮನೆಗಳಿಗೆ ಕಳಿಸಿದರು. ಹಾಗೆ ಹೋದವರ ಬುದ್ಧಿಯ ಬೆಳವಣಿಗೆ, ಜನರನ್ನು ಹಚ್ಚಿಕೊಳ್ಳುವ ಶಕ್ತಿ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರದ್ದು. ಇದನ್ನು ಎಲ್ಲರೂ ಹೇಳುತ್ತಾರೆ. ಅವರು ಬಿಟ್ಟುಬಿಡುವ ಮಾತು ಏನೆಂದರೆ, ಆ ಫಾಸ್ಟರ್ ಮನೆಗಳನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಸಮಾಜ ಕಾರ್ಯಕರ್ತರು ಮೇಲಿಂದ ಮೇಲೆ ಹೋಗಿ ಜೊತೆ ನಿಂತಿದ್ದರು.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಸಾಧ್ಯವಾದ ಕಡೆ ಎರಡೂ ಮನೆಗೆ ಹೋಗಿ. ಮಕ್ಕಳು ವಾಪಸ್ ಹೋಗುವ ಮನೆ ಅದೇ ತಾನೇ.

---

ಹಿತ್ತಲಬಾಗಿಲು:

ಹೌದು ಸರ್. ನಮ್ಮಲ್ಲಿ ಎರಡು ವರ್ಷ ಇದ್ದ ಆ ಹುಡುಗನ ಅಮ್ಮ ಈಗಲೂ ನನಗೆ ಫೋನ್ ಮಾಡುತ್ತಾಳೆ. ಮೊದಲ ವರ್ಷ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ ಅವಳಿಗೆ. ಆಗೋದಾದರೂ ಹೇಗೆ?

---

ಎರಡುಬ್ಯಾಗು:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಆ ಹದಿನಾರರ ಹುಡುಗಿ ಆಗಿದ್ದವಳು. ಈಗ ಇಪ್ಪತ್ನಾಲ್ಕು. ನಾಲ್ಕು ಮನೆ, ಎರಡು ಹಾಸ್ಟೆಲ್ ನೋಡಿದ್ದೇನೆ. ಪ್ರತಿ ಸಲವೂ ಎರಡು ಬ್ಯಾಗು, ಒಂದು ನನ್ನದು, ಇನ್ನೊಂದು ಯಾರೋ ಕೊಟ್ಟದ್ದು.

ಅವಳು ನಿಮ್ಮ ಜೊತೆ ಮಾತಾಡುವುದಿಲ್ಲ ಅಂದಿರಿ. ಯಾಕೆ ಮಾತಾಡಬೇಕು? ಹೊಸ ಮನೆ ಅಂದ್ರೆ ಹೊಸ ಹತ್ತು ಜನ. ಹತ್ತೂ ಜನ ಕಣ್ಣಲ್ಲಿ ಅಯ್ಯೋ ಪಾಪ ಇಟ್ಟುಕೊಂಡು ‘ಹೇಗಿದ್ದೀಯಮ್ಮ’ ಅಂತಾರೆ. ಹೇಗಿದ್ದೀನಿ ಅಂತ ಹೇಳಿದರೆ ಅದು ಕಡತಕ್ಕೆ ಹೋಗುತ್ತದೆ. (ಸರ್, ನಿಮಗೆ ಅಂತಲ್ಲ.) ಹಾಗಾಗಿ ಸುಮ್ಮನಿರುವುದನ್ನು ಕಲಿಯುತ್ತೇವೆ.

ನನಗೆ ಉಳಿದವರು ಒಬ್ಬರೇ. ಎರಡನೇ ಮನೆಯ ಹತ್ತಿರ ಇದ್ದ ಒಬ್ಬ ಅಕ್ಕ, ಟೈಲರಿಂಗ್ ಮಾಡುತ್ತಿದ್ದರು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ‘ಈ ಗುಂಡಿ ಹಾಕಿಕೊಡ್ತೀಯಾ’ ಅಂದರು, ಹಾಕಿದೆ. ಆಮೇಲೆ ಪ್ರತಿ ಶನಿವಾರ ಹೋಗುತ್ತಿದ್ದೆ. ಎದುರು ಬದುರು ಕೂತು ಮಾತಾಡು ಅಂದರೆ ಬಾಯಿ ಬರುವುದಿಲ್ಲ. ಕೈಗೆ ಕೆಲಸ ಇದ್ದರೆ ತಾನಾಗಿ ಬರುತ್ತದೆ. ನಾನು ಮೂರನೇ ಮನೆಗೆ ಹೋದಾಗ ಅವರು ಅನುಮತಿ ತೆಗೆದುಕೊಂಡು ಅಲ್ಲಿಗೂ ಬಂದರು. ನಾಲ್ಕನೆಯದಕ್ಕೂ ಬಂದರು. ಮನೆ ಬದಲಾದರೂ ಬದಲಾಗದ ಒಬ್ಬರು, ಅಷ್ಟೇ ನನಗೆ ಬೇಕಾಗಿದ್ದದ್ದು. ನಿಮ್ಮ ಗುಂಪು ಆ ಮನೆಯದ್ದಾ, ಆ ಮಕ್ಕಳದ್ದಾ ಅಂತ ಈಗಲೇ ಯೋಚಿಸಿ. ಮನೆಯದ್ದಾದರೆ, ಅವಳು ಮನೆ ಬಿಟ್ಟ ದಿನ ನಿಮ್ಮನ್ನೆಲ್ಲ ಒಟ್ಟಿಗೆ ಕಳೆದುಕೊಳ್ಳುತ್ತಾಳೆ.

ಹದಿನೆಂಟರ ವಿಷಯ. ಅವತ್ತು ಎಲ್ಲರಿಗೂ ಕೇಕು, ನಮಗೆ ಬ್ಯಾಗು. ಈಗ ಕೆಲವು ದೇಶಗಳಲ್ಲಿ ಸ್ವಲ್ಪ ಸುಧಾರಿಸಿದೆ. ಅಮೆರಿಕದಲ್ಲಿ 2008ರ ಕಾಯ್ದೆ ಬಂದ ಮೇಲೆ ರಾಜ್ಯಗಳು ಬೇಕಿದ್ದರೆ ಇಪ್ಪತ್ತೊಂದರ ತನಕ ಮುಂದುವರಿಸಬಹುದು. ಇಂಗ್ಲೆಂಡಿನಲ್ಲಿ 2014ರಿಂದ ಇಬ್ಬರಿಗೂ ಒಪ್ಪಿಗೆ ಇದ್ದರೆ ಅದೇ ಫಾಸ್ಟರ್ ಮನೆಯಲ್ಲಿ ಇಪ್ಪತ್ತೊಂದರ ತನಕ ಇರಬಹುದು. ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಸಂಸ್ಥೆ ಬಿಟ್ಟ ಮಕ್ಕಳಿಗೆ ಹದಿನೆಂಟರ ನಂತರದ ಆರೈಕೆ ಅಂತ ಇದೆ. ನೀವಿರುವ ಕಡೆ ಏನಿದೆ ಅಂತ ಅವಳಿಗೆ ಹದಿನೇಳು ತುಂಬುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಅವಳಿಗೆ ಹೇಳಿ ಕೇಳಿ. ಅವಳ ಬೆನ್ನ ಹಿಂದೆ ಅಲ್ಲ.

ಕಾನೂನು ಕೊಡದ ಕೆಲವು ಇರುತ್ತವೆ. ಫಾರ್ಮ್‌ನಲ್ಲಿ ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು’ ಅಂತ ಒಂದು ಗೆರೆ ಇರುತ್ತದೆ ನೋಡಿ, ಅದನ್ನು ನಾನು ಮೂರು ವರ್ಷ ಖಾಲಿ ಬಿಟ್ಟಿದ್ದೇನೆ. ಕಾಲೇಜಿಗೆ ರಜೆ ಕೊಟ್ಟು ಹಾಸ್ಟೆಲ್ ಮುಚ್ಚಿದಾಗ ಎಲ್ಲಿಗೆ ಹೋಗೋದು? ಜ್ವರ ಬಂದರೆ ಯಾರಿಗೆ ಹೇಳೋದು? ಬಾಡಿಗೆಗೆ ರೂಮ್ ಕೇಳಿದರೆ ಮೊದಲ ಪ್ರಶ್ನೆಯೇ ಅಪ್ಪ ಏನು ಮಾಡ್ತಾರೆ. ಹುಟ್ಟಿದ ಪ್ರಮಾಣಪತ್ರ, ಅಂಕಪಟ್ಟಿ, ಗುರುತಿನ ಚೀಟಿ, ಬ್ಯಾಂಕ್ ಖಾತೆ, ಚುಚ್ಚುಮದ್ದಿನ ಪಟ್ಟಿ ಎಲ್ಲ ನಾಲ್ಕು ಕಚೇರಿಯಲ್ಲಿ ಚದುರಿತ್ತು. ಒಂದು ಕಾಗದಕ್ಕಾಗಿ ನಾನು ಒಂದು ವರ್ಷದ ಸೀಟು ಕಳೆದುಕೊಂಡೆ. ನಿಮ್ಮಲ್ಲಿ ಒಬ್ಬರಿಗೆ ಕಚೇರಿ ಅಲೆಯುವ ತಾಳ್ಮೆ ಇದ್ದರೆ, ಫುಟ್‌ಬಾಲ್ ಕೊಡಿಸುವ ಬದಲು ಇದನ್ನು ಮಾಡಿಸಿ, ಒಂದು ಫೈಲ್‌ನಲ್ಲಿ ಹಾಕಿ ಅವಳ ಕೈಗೇ ಕೊಡಿ.

ಫೋಟೋಗಳನ್ನೂ. ನನಗೆ ಏಳರಿಂದ ಹನ್ನೆರಡರ ತನಕ ಒಂದೂ ಫೋಟೋ ಇಲ್ಲ. ಆ ವಯಸ್ಸಲ್ಲಿ ಹೇಗಿದ್ದೆ ಅಂತ ನನಗೇ ಗೊತ್ತಿಲ್ಲ. ಗುಂಪಿನಲ್ಲಿ ಹಾಕಬೇಡಿ ಅಂತ ಸರ್ ಹೇಳಿದ್ದು ಸರಿ. ಆದರೆ ತೆಗೆಯಿರಿ. ತೆಗೆದು, ಪ್ರಿಂಟ್ ಹಾಕಿಸಿ, ಯಾವ ದಿನ ಯಾರ ಜೊತೆ ಅಂತ ಹಿಂದೆ ಬರೆದು, ಒಂದು ಪುಸ್ತಕದಲ್ಲಿ ಅಂಟಿಸಿ ಆ ಮಕ್ಕಳಿಗೆ ಕೊಡಿ.

ಇನ್ನೊಂದು ಬೇಡಿಕೆ. ನಮ್ಮನ್ನು ವೇದಿಕೆ ಮೇಲೆ ಕರೆದು ಧನ್ಯವಾದ ಹೇಳಿಸಬೇಡಿ. ಒಂದು ಸಲ ಮಾಡಿಸಿದರು. ಇವತ್ತಿಗೂ ಆ ಮೈಕ್ ಕನಸಲ್ಲಿ ಬರುತ್ತದೆ.

---

ಕಡತದಮನುಷ್ಯ:

ಎರಡುಬ್ಯಾಗು, ಕಡತದ ಮಾತು ನನಗೆ ತಗಲಬೇಕಾದ್ದೇ, ತಗಲಿತು. ಬರೆದದ್ದು ಒಳ್ಳೆಯದಾಯಿತು ತಾಯಿ.

ಅವಳ ಬೆನ್ನ ಹಿಂದೆ ಅಲ್ಲ ಅಂದಿರಲ್ಲ, ಅದಕ್ಕೊಂದು ದಾರಿ ನ್ಯೂಜಿಲೆಂಡಿನಲ್ಲಿದೆ. 1989ರ ಕಾಯ್ದೆಯಲ್ಲಿ ಕುಟುಂಬದ ಸಭೆ ಅನ್ನೋದನ್ನು ತಂದರು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನ ತಮ್ಮ ಮಕ್ಕಳ ಬಗ್ಗೆ ಕಚೇರಿಯವರೇ ಕೂತು ತೀರ್ಮಾನ ಮಾಡುತ್ತಾರೆ ಅಂತ ಪ್ರತಿಭಟಿಸಿದ ಮೇಲೆ ಬಂದದ್ದು ಅದು. ಮಗುವಿನ ಬಂಧು ಬಳಗ ಎಲ್ಲ ಸೇರುತ್ತಾರೆ. ಅಧಿಕಾರಿಗಳು ವಿಷಯ ಹೇಳಿ ಹೊರಗೆ ಹೋಗುತ್ತಾರೆ. ಒಳಗಿದ್ದವರು ತಾವೇ ಮಾತಾಡಿ ಒಂದು ದಾರಿ ಹುಡುಕುತ್ತಾರೆ. ಅಧಿಕಾರಿ ಹೊರಗೆ ಹೋಗುತ್ತಾನೆ ಅನ್ನೋದೇ ಅದರ ಜೀವ. ಇದನ್ನೇ ಚಿಕ್ಕದಾಗಿ ಮಾಡಬಹುದು. ಯಾರು ಬರಬೇಕು ಅನ್ನೋ ಪಟ್ಟಿಯನ್ನು ಆ ಹುಡುಗಿಯೇ ಬರೆಯಲಿ. ನಿಮ್ಮಲ್ಲಿ ಯಾರ ಹೆಸರೂ ಅದರಲ್ಲಿ ಇಲ್ಲದಿದ್ದರೆ ಕೋಪ ಮಾಡಿಕೊಳ್ಳಬೇಡಿ.

---

ಮೂರನೇಮನೆ:

ಎಲ್ಲರಿಗೂ ಉತ್ತರ ಕೊಡಲು ಆಗಿರಲಿಲ್ಲ, ಕ್ಷಮಿಸಿ. ಆರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಎಂಟು ಜನ ಇದ್ದವರು ಆರಾದೆವು. ಪರಿಶೀಲನೆ ಅಂದ ಕೂಡಲೇ ಒಬ್ಬರು ಮುನಿಸಿಕೊಂಡರು, ಇನ್ನೊಬ್ಬರಿಗೆ ನಿಜವಾಗಲೂ ಸಮಯ ಇಲ್ಲ. ಬುಧವಾರದ ಪ್ರಶ್ನೆ ಕೇಳುವ ಕೆಲಸ ನನ್ನದು. ಮೊದಲ ಬುಧವಾರ ಆ ಅಮ್ಮ ‘ಏನೂ ಇಲ್ಲ, ಎಲ್ಲ ಸರಿ ಇದೆ’ ಅಂದರು. ಎರಡನೇ ಬುಧವಾರವೂ ಅದೇ. ಮೂರನೆಯದಕ್ಕೆ, ‘ಸೋಮವಾರ ವಿಚಾರಣೆ ಇದೆ, ಬಟ್ಟೆ ಒಣಗಿಸಲು ಯಾರಾದರೂ...’ ಅಂತ ಅರ್ಧಕ್ಕೆ ನಿಲ್ಲಿಸಿದರು. ಅಷ್ಟೇ ಸಾಕಾಗಿತ್ತು. ಈಗ ಸೋಮವಾರ, ಗುರುವಾರ ನಮ್ಮವರು ಹೋಗುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಆರೇ ಜನ, ಫೋಟೋ ಇಲ್ಲ, ಹೆಸರಿಲ್ಲ.

ದೊಡ್ಡವಳ ಪಟ್ಟಿಯಲ್ಲಿ ನಮ್ಮ ಯಾರ ಹೆಸರೂ ಇರಲಿಲ್ಲ. ಅವಳ ಹಳೇ ಶಾಲೆಯ ಒಬ್ಬ ಟೀಚರ್, ಅಮ್ಮನ ತಂಗಿ, ಇಬ್ಬರೇ. ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಅಧಿಕಾರಿಗೆ ಹೇಳಿದ್ದೇವೆ, ಅವರಿಬ್ಬರನ್ನೂ ಸಂಪರ್ಕಿಸುತ್ತೇವೆ ಅಂದಿದ್ದಾರೆ. ಕಾಗದಗಳ ಕೆಲಸ ನಮ್ಮ ಮನೆಯವರು ವಹಿಸಿಕೊಂಡಿದ್ದಾರೆ. ಆ ಅಮ್ಮನ ಜೊತೆ, ಅವಳನ್ನೂ ಕರೆದುಕೊಂಡು ಎರಡು ಸಲ ಕಚೇರಿಗೆ ಹೋಗಿ ಬಂದರು. ಎರಡನೇ ಸಲ ಬರುವಾಗ ದಾರಿಯಲ್ಲಿ ಸ್ಕೂಟರ್ ಕೆಟ್ಟು ಅರ್ಧ ಗಂಟೆ ನಿಂತರಂತೆ. ಆಗ ಅವಳು ಒಂದು ಮಾತು ಕೇಳಿದಳಂತೆ, ‘ಪ್ಲಗ್ ಬಿಚ್ಚಿ ನೋಡಿದ್ರಾ ಅಂಕಲ್?’

ಭಾನುವಾರದಮಾವ, ನಿಮಗೊಂದು ಪ್ರಶ್ನೆ. ಗಾಡಿ ರಿಪೇರಿ ಕಲಿಯಬೇಕು ಅನ್ನುವ ಹುಡುಗಿಗೆ ಮೊದಲು ಯಾವ ಟೂಲ್ಸ್ ಕೊಡಿಸಬೇಕು?

---

ಭಾನುವಾರದಮಾವ:

ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್. ಹೊಸದು ಕೊಡಿಸಬೇಡಿ, ಮನೆಯಲ್ಲಿರುವುದನ್ನೇ ಕೊಟ್ಟು, ನಿಮ್ಮವರ ಸ್ಕೂಟರನ್ನು ಅವಳ ಕೈಗೆ ಬಿಡಿ. ಮೊದಲ ಸಲ ಜೋಡಿಸಿದಾಗ ಒಂದೆರಡು ನಟ್ಟು ಮಿಗುತ್ತದೆ. ಬೈಯಬೇಡಿ.